ಬೇಲಿ ದಾಟಿದ ಚೆಂಡು

ಹೋದ ವರ್ಷ ದಸರೆ ರಜೆ ಮುಗಿದ ಮೇಲೆ ಒಂದು ಸಾಯಂಕಾಲ ನಮ್ಮ ವಾಚನಾಲಯದ ಮೇಜಿನ ಮೇಲೆ, ಪೇಪರುಗಳ ನಡುವೆ, ಒಂದು ಹೊಸ ವಸ್ತು ಬಂದು ಕೂತಿತ್ತು. ತೊಗಲಿನ ಗವುಸು. ಎಡಗೈಗೆ ಮಾತ್ರ ಹಾಕಿಕೊಳ್ಳುವಂಥದು, ಅಗಲ ನೋಡಿದರೆ ಸಣ್ಣ ಮೊರದಷ್ಟು. ತಂದವಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಶಾಲಾ ಕ್ರೀಡಾಕೂಟದಲ್ಲಿ ಸಾಫ್ಟ್‌ಬಾಲ್ ಆಡಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಳು. ಆ ಸಂತೋಷವನ್ನು ನಮಗೂ ತೋರಿಸೋಣ ಅಂತ ಬಂದಿದ್ದಳು.

ಪೇಪರು ಓದುತ್ತಿದ್ದ ಹಿರಿಯರೊಬ್ಬರು ಗವುಸನ್ನು ತಿರುವಿ ನೋಡಿ, "ಏನವ್ವಾ ಇದು, ಬಿಸಿ ಪಾತ್ರೆ ಇಳಿಸೋದಾ?" ಅಂದರು. "ಅಲ್ಲ ತಾತ, ಚೆಂಡು ಹಿಡಿಯೋದು" ಅಂದಳು. ಎಲ್ಲರೂ ನಕ್ಕೆವು. ಆಮೇಲೆ ಅವಳು ನನ್ನ ಕಡೆ ತಿರುಗಿ ಕೇಳಿದಳು: "ಸಾರ್, ನೀವು ಸೋಶಿಯಲ್ ಹೇಳ್ಕೊಡ್ತಿದ್ರಿ ಅಲ್ವಾ? ಈ ಆಟ ಎಲ್ಲಿಂದ ಬಂತು? ನಮ್ ಕಡೆಗೆ ಹೆಂಗೆ ಬಂತು?"

ಮೂವತ್ತು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಮಾಜ ಪಾಠ ಹೇಳಿದವನು ನಾನು. ಪಾಣಿಪತ್ ಯುದ್ಧ ಯಾವಾಗ ಆಯಿತು ಅಂದರೆ ನಿದ್ದೆಯಲ್ಲೂ ಹೇಳಿಯೇನು. ಇದಕ್ಕೆ ಮಾತ್ರ ಉತ್ತರ ಬರಲಿಲ್ಲ. "ಓದ್ಕಂಡು ಬಂದು ಹೇಳ್ತೀನಮ್ಮಾ" ಅಂದೆ. ಹಾಗೆ ಓದಿ ತಿಳಿದುಕೊಂಡದ್ದನ್ನೂ ನಮ್ಮ ಮನೆಗಳಲ್ಲಿ ಹಿರಿಯರು ಹೇಳಿದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ.

ಸೈನ್ಯದ ಬೆನ್ನಿಗೆ ಬಂದ ಆಟ

ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲಿನ ತಂಗಿ ಇದ್ದಂತೆ. 1887ರಲ್ಲಿ ಅಮೆರಿಕದ ಚಿಕಾಗೊ ನಗರದಲ್ಲಿ ಚಳಿಗಾಲಕ್ಕೆ ಮನೆಯೊಳಗೇ ಆಡಲಿಕ್ಕೆ ಹುಟ್ಟಿಕೊಂಡದ್ದು. ಅಕ್ಕನ ಆಟ ಹೀಗಿದೆ: ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದುಂಡನೆಯ ದೊಣ್ಣೆಯಿಂದ ಹೊಡೆಯುತ್ತಾನೆ. ಹೊಡೆದವನು ಓಡಿ, ಒಂದಾದ ಮೇಲೊಂದರಂತೆ ಮೂರು ನೆಲೆ ಮುಟ್ಟಿ, ಹೊರಟ ಮನೆಗೇ ವಾಪಸ್ಸು ಬಂದರೆ ಒಂದು ರನ್. ನಮ್ಮ ಕುಂಟೆಬಿಲ್ಲೆಯಲ್ಲಿ ಮನೆ ಇರುವ ಹಾಗೆ ಅಲ್ಲಿಯೂ ಮನೆ ಉಂಟು. ಆ ನೆಲೆಗೆ ಇಂಗ್ಲಿಷಿನಲ್ಲಿ ಬೇಸ್ ಅನ್ನುತ್ತಾರೆ. ಸೈನ್ಯ ಬೀಡುಬಿಟ್ಟ ಜಾಗಕ್ಕೂ ಬೇಸ್ ಅಂತಲೇ ಹೆಸರು.

ಈ ಆಟಕ್ಕೂ ಸೈನ್ಯಕ್ಕೂ ನಂಟು ಹಳೆಯದು. ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಎರಡೂ ಕಡೆಯ ಸಿಪಾಯಿಗಳು ಬಿಡಾರಗಳಲ್ಲಿ ಇದನ್ನು ಆಡಿದರು. ಆಟವನ್ನು ಕಂಡುಹಿಡಿದವನೇ ಒಬ್ಬ ಸೇನಾಧಿಕಾರಿ, ಆಬ್ನರ್ ಡಬಲ್‌ಡೇ ಎಂಬ ಜನರಲ್, 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಅಂತ ಒಂದು ಕಥೆಯನ್ನೂ ಅಮೆರಿಕದವರು ಬಹಳ ಕಾಲ ನಂಬಿದ್ದರು. ಆದರೆ ಆ ವರ್ಷ ಆ ಮನುಷ್ಯ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿ! ಕಥೆ ಸುಳ್ಳು. ಮಕ್ಕಳು ಬೀದಿಯಲ್ಲಿ ಆಡಿ ಆಡಿ ಬೆಳೆಸಿದ ಆಟಕ್ಕೆ ದೊಡ್ಡವರು ಒಂದು ಸಮವಸ್ತ್ರ ತೊಡಿಸಿದರು, ಅಷ್ಟೆ.

ಹೊರದೇಶಗಳಿಗೆ ಅದು ಹರಡಿದ್ದರ ಬಗ್ಗೆಯೂ ಇಂಥದೇ ಮಾತು ಚಾಲ್ತಿಯಲ್ಲಿದೆ. ಅಮೆರಿಕದ ಸೈನ್ಯ ಎಲ್ಲೆಲ್ಲಿ ಠಾಣೆ ಹಾಕಿತೋ ಅಲ್ಲಲ್ಲಿ ಬೇಸ್‌ಬಾಲ್ ಬೇರು ಬಿಟ್ಟಿತು ಅನ್ನುವುದು. ಮೇಲುನೋಟಕ್ಕೆ ಸರಿ ಅನ್ನಿಸುತ್ತದೆ. ನಾನೂ ಮೊದಲು ಹಾಗೇ ನಂಬಿದೆ. ನಮ್ಮ ಸುತ್ತಮುತ್ತಲಿನ ಸಂಗತಿಯನ್ನು ಪಕ್ಕಕ್ಕಿಟ್ಟು ನೋಡಿದ ಮೇಲೆ ನಂಬಿಕೆ ಅಲುಗಾಡಿತು.

ಬಳ್ಳಾರಿ ದಂಡಿನಲ್ಲಿ ನಮ್ಮ ತಾತ

ನಮ್ಮ ರಾಯದುರ್ಗ ಇರುವ ಈ ಸೀಮೆಯನ್ನು ನಿಜಾಮ 1800ರಲ್ಲಿ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಅದಕ್ಕೇ ದತ್ತ ಮಂಡಲ ಅಂತ ಹೆಸರು. ಥಾಮಸ್ ಮನ್ರೋ ಸಾಹೇಬರು ಇಲ್ಲಿಗೆ ಕಲೆಕ್ಟರಾಗಿ ಬಂದರು, ಬಳ್ಳಾರಿಯಲ್ಲಿ ದಂಡು ಬಂದು ಕೂತಿತು. ಮದ್ರಾಸು ಪ್ರಾಂತದ ದೊಡ್ಡ ದಂಡುಗಳಲ್ಲಿ ಅದೂ ಒಂದು. ದಂಡಿಗೆ ಸಾಮಾನು ಒದಗಿಸಲು ಬೆಳೆದ ಪೇಟೆಯೇ ಇವತ್ತಿನ ಕೌಲ್ ಬಜಾರ್. ಬಳ್ಳಾರಿ ಕಂಟೋನ್ಮೆಂಟ್ ಅಂತ ರೈಲು ಸ್ಟೇಷನ್ನು ಈಗಲೂ ಇದೆ. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು, ಮಡಕಶಿರಾ ಅದಕ್ಕೆ ಸೇರಿತು. ರಾಯದುರ್ಗ ತಾಲೂಕು ಮಾತ್ರ 1953ರವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆದ್ದರಿಂದ ನಮ್ಮ ಹಿರಿಯರಿಗೆ ಪಟ್ಟಣ ಅಂದರೆ ಬಳ್ಳಾರಿ. ಕೋರ್ಟು, ಆಸ್ಪತ್ರೆ, ಸಂತೆ, ಸಾಲ ಎಲ್ಲಕ್ಕೂ ಅಲ್ಲಿಗೇ.

ನಮ್ಮ ತಾತ ಹುಟ್ಟಿದ್ದು 1890ರ ಆಸುಪಾಸು. ದಂಡಿನ ಕುದುರೆಗಳಿಗೆ ಹುರುಳಿ ಬೇಕು. ನಮ್ಮ ಕೆಮ್ಮಣ್ಣಿನ ಹೊಲದಲ್ಲಿ ಮಳೆ ಕೈಕೊಟ್ಟರೂ ಹುರುಳಿ ಕೈಕೊಡುವುದಿಲ್ಲ. ಹೀಗಾಗಿ ತಾತನ ಅಪ್ಪ ಗಾಡಿ ಕಟ್ಟಿಕೊಂಡು ಹುರುಳಿ ಮೂಟೆ ಒಯ್ಯುತ್ತಿದ್ದರು. ಎರಡು ರಾತ್ರಿಯ ದಾರಿ. ಹನ್ನೆರಡು ಹದಿಮೂರು ವರ್ಷದ ತಾತನೂ ಎತ್ತಿಗೆ ಮೇವು ಹಾಕಲು ಜೊತೆಗೆ. ಅಲ್ಲಿ ಕಂಡದ್ದನ್ನು ಮುದುಕನಾದ ಮೇಲೂ ನಮಗೆ ಹೇಳುತ್ತಿದ್ದರು:

"ಗೋರಾಗಳು ಬೂಟು ಹಾಕ್ಕಂಡು ಚೆಂಡು ಒದೀತಿದ್ರು ಕಣೋ. ಗೆರೆ ದಾಟಿ ಚೆಂಡು ಆಚೆ ಬಂದ್ರೆ ನಾವು ಗಾಡಿ ಹುಡುಗ್ರು ಓಡಿಹೋಗಿ ತಂದ್ಕೊಡಬೇಕು. ಕೈಯಾಗೆ ಎತ್ತಿ ಕೊಡಬೇಕು, ಕಾಲಾಗೆ ಒದೆಯಂಗಿಲ್ಲ. ಒಂದ್ಸಲ ನಾನು ಒದ್ಬಿಟ್ಟೆ."

"ಆಮೇಲೆ ತಾತ?"

"ಆಮೇಲೇನು, ಆ ಸೋಲ್ಜರು ನಕ್ಕ. ಇನ್ನೊಂದ್ಸಲ ಒದಿ ಅಂತ ಕೈ ಮಾಡಿ ತೋರಿಸ್ದ. ಅಷ್ಟೊತ್ತಿಗೆ ನಮ್ಮಪ್ಪ ಬಂದು ಬೆನ್ನಿಗೊಂದು ಗುದ್ದಿ ಎಳ್ಕಂಡು ಹೋದ."

ಈ ಕಥೆ ಹೇಳಿದಾಗಲೆಲ್ಲ ತಾತ ಬಲಗಾಲಿನ ಹೆಬ್ಬೆರಳು ಅಲ್ಲಾಡಿಸುತ್ತಿದ್ದರು. ಆ ಬೆರಳಿಗೆ ಆ ಚೆಂಡು ಐವತ್ತು ಅರವತ್ತು ವರ್ಷ ನೆನಪಿತ್ತು.

ಆ ಹೊತ್ತಿನಲ್ಲಿ ಹಿಂದೂಸ್ತಾನದ ಎಲ್ಲ ದಂಡುಗಳಲ್ಲೂ ನಡೆಯುತ್ತಿದ್ದದ್ದು ಇದೇ. ಸೈನಿಕನಿಗೆ ಬೆಳಿಗ್ಗೆ ಕವಾಯತು, ಸಾಯಂಕಾಲ ಕೆಲಸವಿಲ್ಲ. ಕೆಲಸವಿಲ್ಲದ ಸಿಪಾಯಿ ಹೆಂಡದಂಗಡಿಗೆ ಹೋಗುತ್ತಾನೆ ಅನ್ನುವ ಭಯ ಮೇಲಿನವರಿಗೆ. ಆದ್ದರಿಂದ ಆಟ. ಪಡೆ ಪಡೆಗಳ ನಡುವೆ ಪಂದ್ಯ, ಪಂದ್ಯಕ್ಕೆ ಬೆಳ್ಳಿಯ ಬಟ್ಟಲು. 1888ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಬೊಂಬಾಯಿಯಲ್ಲಿ ರೋವರ್ಸ್ ಕಪ್ ಶುರುವಾದದ್ದು ಹೀಗೆ. ಇವು ಮೊದಲಿಗೆ ನಮ್ಮವರಿಗಾಗಿ ಇಟ್ಟ ಪಂದ್ಯಗಳಲ್ಲ. ನಮ್ಮವರ ಪಾಲಿಗೆ ಇದ್ದದ್ದು ಗೆರೆಯ ಆಚೆ ನಿಂತು ಚೆಂಡು ಹೆಕ್ಕಿಕೊಡುವ ಕೆಲಸ.

ಬೆಂಗಳೂರಿನ ದಂಡು ಕಲಿಸಿದ್ದು

ಗೆರೆಯ ಆಚೆ ನಿಂತವರು ಒಳಗೆ ಬಂದದ್ದು ಹೇಗೆ ಅನ್ನುವುದಕ್ಕೆ ಬೆಂಗಳೂರು ದೊಡ್ಡ ಉದಾಹರಣೆ. ಶ್ರೀರಂಗಪಟ್ಟಣದಲ್ಲಿ ಜ್ವರದ ಕಾಟ ಹೆಚ್ಚಾಗಿ ಇಂಗ್ಲಿಷರ ಪಡೆ 1809ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. ಅಲ್ಲಿಂದ 1947ರವರೆಗೆ, ಅಂದರೆ 138 ವರ್ಷ, ಆ ದಂಡು ಅಲ್ಲೇ ಇತ್ತು. ಪಡೆಗಳು ಬದಲಾಗುತ್ತಿದ್ದವು, ಸುತ್ತ ನೆಲೆಸಿದವರು ಬದಲಾಗಲಿಲ್ಲ. ಅಡುಗೆಯವರು, ಅಗಸರು, ಚಮ್ಮಾರರು, ಹುಲ್ಲು ಕೊಯ್ಯುವವರು, ಕುದುರೆ ಲಾಯದವರು, ದರ್ಜಿಗಳು. ತಮಿಳು ಸೀಮೆಯಿಂದ ಬಂದವರು, ಉರ್ದು ಮಾತಾಡುವವರು, ನಮ್ಮಂಥ ಕನ್ನಡದವರು ತೆಲುಗಿನವರು ಎಲ್ಲರೂ ದಂಡಿನ ಅಂಚಿನ ಕೇರಿಗಳಲ್ಲಿ ಮನೆ ಮಾಡಿಕೊಂಡರು. ಇವರ ಮಕ್ಕಳು ಮೂರು ನಾಲ್ಕು ತಲೆಮಾರು ಆ ಮೈದಾನಗಳ ಸುತ್ತಲೇ ಬೆಳೆದರು. ಒಂದು ತಲೆಮಾರು ಚೆಂಡು ಹೆಕ್ಕಿಕೊಟ್ಟಿತು, ಮುಂದಿನ ತಲೆಮಾರು ಬರಿಗಾಲಲ್ಲಿ ಗಲ್ಲಿಯಲ್ಲಿ ಒದೆಯಿತು, ಅದರ ಮುಂದಿನದು ತಂಡ ಕಟ್ಟಿ ಗೋರಾಗಳ ಎದುರೇ ನಿಂತಿತು.

1937ರಲ್ಲಿ ಬ್ಯಾಂಗಳೂರ್ ಮುಸ್ಲಿಮ್ಸ್ ಎಂಬ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಬಟ್ಟಲು ಗೋರಾ ಪಡೆಗಳ ಕೈಯಿಂದ ಆಚೆ ಬಂದೇ ಇರಲಿಲ್ಲ. ಅದನ್ನು ಎತ್ತಿದ ಮೊದಲನೆಯ ಭಾರತೀಯ ತಂಡ ಕಲ್ಕತ್ತೆಯದಲ್ಲ, ಬೆಂಗಳೂರಿನದು. ಮಾರನೇ ವರ್ಷ ಫೈನಲ್ಲಿನಲ್ಲಿ ಎದುರಿಗೆ ಸ್ಕಾಟ್ಲೆಂಡಿನ ಪಡೆಯೊಂದು ನಿಂತಿತ್ತು. ಅದನ್ನೂ ಸೋಲಿಸಿ 1938ರ ಕಪ್ಪನ್ನೂ ತಂದರು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿದಾಗ ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ಮೊಟ್ಟಮೊದಲ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲು. ಪಂದ್ಯ 2-1ರಲ್ಲಿ ಸೋತೆವು, ಸಿಕ್ಕ ಎರಡು ಪೆನಾಲ್ಟಿ ಹಾಳಾದವು. ಆದರೂ ಆ ಬರಿಗಾಲಿನ ಆಟವನ್ನು ಲಂಡನ್ನಿನವರು ಮೆಚ್ಚಿದರು.

ಇವತ್ತಿಗೂ ಹಲಸೂರಿನ ಪಕ್ಕದ ಗೌತಮಪುರ, ಆಸ್ಟಿನ್ ಟೌನ್ ಕಡೆ ಹೋದರೆ ಕ್ರಿಕೆಟ್ಟಿಗಿಂತ ಫುಟ್‌ಬಾಲಿನ ಹುಚ್ಚೇ ಹೆಚ್ಚು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ದಂಡು ಹೋಗಿ ಎಷ್ಟೋ ಕಾಲವಾಯಿತು, ಅದರ ಚೆಂಡು ಉಳಿಯಿತು. ಕೊಡಗಿನಲ್ಲಿ ಹಾಕಿ ಉಳಿದದ್ದೂ ಹೀಗೆಯೇ. ಸೈನ್ಯಕ್ಕೆ ಹೋದ ಕೊಡವರು ಕೋಲನ್ನು ಮನೆಗೆ ತಂದರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಮನೆತನ ಮನೆತನಗಳ ನಡುವೆ ಹಾಕಿ ಹಬ್ಬ ಶುರು ಮಾಡಿದ ಮೇಲಂತೂ ಅದು ಅವರ ಸ್ವಂತ ಆಟವೇ ಆಗಿಬಿಟ್ಟಿತು.

ಅಮೆರಿಕದ ಸೈನ್ಯವೂ ಬಂದಿತ್ತು

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂಗ್ಲಿಷರ ದಂಡಿನಿಂದ ಫುಟ್‌ಬಾಲ್ ಬಂತು ಸರಿ, ಅಮೆರಿಕದ ದಂಡು ನಮ್ಮ ಹತ್ತಿರಕ್ಕೆ ಬರಲೇ ಇಲ್ಲವೇ?

ಬಂದಿತ್ತು! ಬಹಳ ಜನಕ್ಕೆ ಇದು ಗೊತ್ತಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿಸಿದರು. ಎರಡನೆಯ ಮಹಾಯುದ್ಧ ಬಿಸಿಯಾಗಿ ಜಪಾನಿನವರು ಬರ್ಮಾಕ್ಕೆ ಬಂದ ಮೇಲೆ, 1943ರಲ್ಲಿ ಆ ಕಾರ್ಖಾನೆಯ ಉಸ್ತುವಾರಿ ಅಮೆರಿಕದ ಸೈನ್ಯದ ವಿಮಾನಪಡೆಗೆ ಹೋಯಿತು. ಬರ್ಮಾ, ಚೀನಾ ಕಡೆ ಹಾರುವ ವಿಮಾನಗಳ ರಿಪೇರಿಯೆಲ್ಲ ಅಲ್ಲಿ ನಡೆಯಿತು. ಯುದ್ಧ ಮುಗಿಯಿತು, ಅವರು ಹೊರಟುಹೋದರು.

ಮಡಕಶಿರಾ ತಾಲೂಕಿನ ಮೂರು ಕಡೆಯೂ ಆಗಿನ ಮೈಸೂರು ಸೀಮೆ. ಅಲ್ಲಿನವರಿಗೆ ಅನಂತಪುರಕ್ಕಿಂತ ಬೆಂಗಳೂರೇ ಬಳಕೆ. ನನ್ನ ತಂಗಿಯನ್ನು ಕೊಟ್ಟದ್ದು ಮಡಕಶಿರಾ ಕಡೆಗೆ. ನಮ್ಮ ಬೀಗರ ತಂದೆ ಬರಗಾಲಕ್ಕೆ ಊರು ಬಿಟ್ಟು ಬೆಂಗಳೂರು ಸೇರಿ ಆ ಕಾರ್ಖಾನೆಯಲ್ಲಿ ವಿಮಾನ ತೊಳೆಯುವ ಕೆಲಸ ಮಾಡಿದವರು. ನಾನು ಮದುವೆ ಮಾತಿಗೆ ಹೋದಾಗ ಅವರು ಹೇಳಿದ್ದು ನೆನಪಿದೆ:

"ಅಮೆರಿಕದವ್ರು ಸಾಯಂಕಾಲ ಆದ್ರೆ ಇಬ್ರಿಬ್ರು ನಿಂತ್ಕಂಡು ಚೆಂಡು ಎಸೆದಾಡ್ಕಂತಿದ್ರು ಮೇಷ್ಟ್ರೆ. ಕೈಗೆ ತೊಗಲಿಂದು ಒಂದು ದೊಡ್ಡದು ಹಾಕ್ಕಂಡು. ಟಪ್ ಟಪ್ ಅಂತ ಸದ್ದು. ನಾವು ಬೇಲಿ ಈಚೆಯಿಂದ ನೋಡೋದು."

"ನೀವೂ ಆಡಿದ್ರಾ ಮಾವ?"

"ಎಲ್ಲಿ ಆಡೋದು? ಚೆಂಡು ಬೇಲಿ ದಾಟಿ ಬರ್ಲೇ ಇಲ್ಲ."

ಆಗ ಆ ಮಾತನ್ನು ಕೇಳಿ ಬಿಟ್ಟಿದ್ದೆ. ಗವುಸು ನಮ್ಮ ವಾಚನಾಲಯದ ಮೇಜಿಗೆ ಬಂದ ದಿನ ಮತ್ತೆ ನೆನಪಾಯಿತು. ಅವರು ಬೇಲಿಯ ಈಚೆಯಿಂದ ನೋಡಿದ್ದು ಇದನ್ನೇ.

ಅಮೆರಿಕದ ಸಿಪಾಯಿಗಳು ಕಲ್ಕತ್ತೆಯಲ್ಲೂ ಬೇಸ್‌ಬಾಲ್ ಆಡಿದರು. ಆದರೂ ಆ ಆಟ ಬೆಂಗಳೂರಿನ ಗಲ್ಲಿಗಾಗಲಿ ಕಲ್ಕತ್ತೆಯ ಗಲ್ಲಿಗಾಗಲಿ ಇಳಿಯಲಿಲ್ಲ. ಯಾಕೆ? ಲೆಕ್ಕ ಹಾಕಿ ನೋಡಿ. ಇಂಗ್ಲಿಷರ ದಂಡು ಬೆಂಗಳೂರಿನಲ್ಲಿದ್ದದ್ದು 138 ವರ್ಷ, ಅಮೆರಿಕದವರು ಇದ್ದದ್ದು ಎರಡು ಮೂರು ವರ್ಷ. ಫುಟ್‌ಬಾಲಿಗೆ ಒಂದು ಚೆಂಡು ಸಾಕು, ಅದೂ ಇಲ್ಲದಿದ್ದರೆ ಚಿಂದಿಯ ಉಂಡೆ ಸಾಕು. ಬೇಸ್‌ಬಾಲಿಗೆ ಪ್ರತಿಯೊಬ್ಬನಿಗೂ ಗವುಸು ಬೇಕು. ಹೊಡೆಯುವ ಆಟ ಬೇಕು ಅನ್ನುವ ಹುಡುಗರಿಗೆ ಚಿನ್ನಿದಾಂಡು ಇದ್ದೇ ಇತ್ತು, ಕ್ರಿಕೆಟ್ಟೂ ಆಗಲೇ ಬಂದು ಜಾಗ ಹಿಡಿದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, "ಬಾ, ನೀನೂ ಒಂದು ಕೈ ನೋಡು" ಅಂತ ಕರೆದವರು ಯಾರೂ ಇರಲಿಲ್ಲ.

ಹೊರಗಿನ ಸಾಕ್ಷಿ

ನಮ್ಮದೊಂದೇ ಉದಾಹರಣೆ ಸಾಲದು ಅನ್ನುವವರಿಗೆ ಹೊರಗಿನ ಮೂರು ದೇಶಗಳನ್ನು ತೋರಿಸುತ್ತೇನೆ.

ಜಪಾನಿನಲ್ಲಿ ಬೇಸ್‌ಬಾಲ್ ಇವತ್ತು ಮನೆಮಾತು. 1945ರಲ್ಲಿ ಸೋತ ಜಪಾನಿನಲ್ಲಿ ಅಮೆರಿಕದ ಸೈನ್ಯ ಕೂತಿತಲ್ಲ, ಅದರಿಂದ ಬಂತು ಅಂತ ಅನೇಕರು ತಿಳಿದಿದ್ದಾರೆ. ನಿಜವೇನೆಂದರೆ, ಆಟವನ್ನು ಅಲ್ಲಿಗೆ ಒಯ್ದವನು ಹೊರೇಸ್ ವಿಲ್ಸನ್ ಎಂಬ ಮೇಷ್ಟ್ರು, 1872ರಲ್ಲಿ, ಟೋಕಿಯೋದ ಒಂದು ಶಾಲೆಗೆ. ಅಲ್ಲಿನ ವಿದ್ಯಾರ್ಥಿಗಳು ಯೋಕೊಹಾಮದಲ್ಲಿದ್ದ ಅಮೆರಿಕದವರ ಕ್ಲಬ್ಬಿಗೆ "ನಮ್ಮ ಜೊತೆ ಆಡಿ" ಅಂತ ವರ್ಷಗಟ್ಟಲೆ ಕೇಳಿಕೊಂಡರು. ಅವರು ಒಪ್ಪಲಿಲ್ಲ. ಕೊನೆಗೆ 1896ರಲ್ಲಿ ಒಪ್ಪಿದರು. ಹುಡುಗರು 29-4ರಲ್ಲಿ ಗೆದ್ದರು! ಆಮೇಲೆ ಅಮೆರಿಕದ ನೌಕಾಪಡೆಯ ಹಡಗುಗಳ ತಂಡಗಳ ಜೊತೆಯೂ ಆಡಿದರು. ಯುದ್ಧಕಾಲದಲ್ಲಿ ಶತ್ರುವಿನ ಭಾಷೆ ಬೇಡ ಅಂತ ಆಟದ ಇಂಗ್ಲಿಷ್ ಪದಗಳನ್ನು ತೆಗೆದು ಜಪಾನೀ ಪದ ಹಾಕಿಕೊಂಡರೇ ಹೊರತು ಆಟವನ್ನು ಶತ್ರುವಿನದು ಅನ್ನಲಿಲ್ಲ. 1945ರ ಮೇಲೆ ಅಮೆರಿಕದ ಸೈನ್ಯ ಟೋಕಿಯೋದ ಜಿಂಗು ಮೈದಾನವನ್ನು ವಶಪಡಿಸಿಕೊಂಡು ಅದಕ್ಕೆ ತನ್ನ ಭಾಷೆಯ ಹೆಸರಿಟ್ಟಿತು, ಆಟಕ್ಕೆ ಪ್ರೋತ್ಸಾಹವನ್ನೂ ಕೊಟ್ಟಿತು. ಆದರೆ ಅದು ನೀರೆರೆದದ್ದು ಎಪ್ಪತ್ತು ವರ್ಷದ ಮರಕ್ಕೆ. ಸಸಿ ನೆಟ್ಟವರು ಮೇಷ್ಟ್ರು.

ತೈವಾನಿನ ಕಥೆ ಇನ್ನೂ ಸ್ವಾರಸ್ಯ. 1895ರಿಂದ 1945ರವರೆಗೆ ಅದು ಜಪಾನಿನ ಆಳ್ವಿಕೆಯಲ್ಲಿತ್ತು. ಬೇಸ್‌ಬಾಲನ್ನು ಕಲಿಸಿದವರು ಅಮೆರಿಕದವರಲ್ಲ, ಜಪಾನಿನವರು, ಶಾಲೆಗಳಲ್ಲಿ. 1931ರಲ್ಲಿ ಅಲ್ಲಿನ ಒಂದು ಕೃಷಿ ಶಾಲೆಯ ತಂಡ ಜಪಾನಿನ ದೊಡ್ಡ ಶಾಲಾ ಪಂದ್ಯಾವಳಿಗೆ ಹೋಗಿ ಫೈನಲ್ ಮುಟ್ಟಿತು. ಆಳುವವರ ಮಕ್ಕಳು, ಚೀನೀ ಮೂಲದ ಮಕ್ಕಳು, ಕಾಡು ಬೆಟ್ಟಗಳ ಬುಡಕಟ್ಟಿನ ಮಕ್ಕಳು, ಮೂವರೂ ಒಂದೇ ತಂಡ.

ಇನ್ನು ಫಿಲಿಪ್ಪೀನ್ಸ್. ಅಲ್ಲಿಗೆ ಅಮೆರಿಕದ ಸೈನ್ಯ ಬಂದದ್ದು 1898ರಲ್ಲಿ. ಕ್ಲಾರ್ಕ್, ಸೂಬಿಕ್ ಎಂಬ ಭಾರೀ ಠಾಣೆಗಳು 1991, 1992ರವರೆಗೂ ಇದ್ದವು. ಠಾಣೆಯಿಂದಲೇ ಆಟ ನಿಲ್ಲುವುದಾದರೆ ಇವತ್ತು ಏಷ್ಯಾದಲ್ಲಿ ಬೇಸ್‌ಬಾಲಿಗೆ ಅದೇ ತವರಾಗಬೇಕಿತ್ತು. 1954ರಲ್ಲಿ ಮೊದಲ ಏಷ್ಯನ್ ಬೇಸ್‌ಬಾಲ್ ಚಾಂಪಿಯನ್‌ಷಿಪ್ ಗೆದ್ದದ್ದೂ ಅವರೇ. ಆದರೆ ಈಗ ಅಲ್ಲಿನ ಗಲ್ಲಿ ಗಲ್ಲಿಯಲ್ಲಿ ಕಾಣುವುದು ಬಾಸ್ಕೆಟ್‌ಬಾಲಿನ ಬುಟ್ಟಿ. ಅದು ಶಾಲೆಗಳಿಂದಲೂ ವೈ.ಎಂ.ಸಿ.ಎ. ಸಂಸ್ಥೆಯಿಂದಲೂ ಹರಡಿದ ಆಟ. ಕಡಿಮೆ ಜಾಗ, ಒಂದು ಚೆಂಡು, ಒಂದು ಕಂಬ.

ಈ ಮೂರನ್ನೂ ನೋಡಿದ ಮೇಲೆ ನನಗೆ ಅನ್ನಿಸಿದ್ದು: ಸೈನ್ಯ ಆಟವನ್ನು ಹೊತ್ತು ತರಬಹುದು, ಬಿತ್ತಿ ಬೆಳೆಸುವವರು ಬೇರೆ.

ನಮ್ಮೂರಿನ ವಾಲಿಬಾಲ್ ಎಲ್ಲಿಂದ ಬಂತು?

ಇದಕ್ಕೆ ಸಾಕ್ಷಿ ನಮ್ಮ ಊರಿನಲ್ಲೇ ಇದೆ. ಅಮೆರಿಕದ ಆಟವೊಂದು ನಮ್ಮ ಹಳ್ಳಿ ಹಳ್ಳಿಗೂ ಬಂದಿದೆ, ಯಾವ ಸೈನ್ಯವೂ ಅದನ್ನು ತರಲಿಲ್ಲ. ಅದೇ ವಾಲಿಬಾಲ್. ರಾಯದುರ್ಗದಿಂದ ಮಡಕಶಿರಾವರೆಗೆ ಯಾವ ಊರಿಗೆ ಬೇಕಾದರೂ ಹೋಗಿ, ಕಣದ ಪಕ್ಕದಲ್ಲೋ ಗುಡಿಯ ಹಿಂದೆಯೋ ಎರಡು ಕಂಬ, ನಡುವೆ ಒಂದು ಬಲೆ ಇದ್ದೇ ಇರುತ್ತದೆ. ಬಲೆ ಹರಿದಿದ್ದರೆ ಹಗ್ಗ. ವಿಲಿಯಂ ಮಾರ್ಗನ್ ಎಂಬುವರು 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ಇದನ್ನು ಕಟ್ಟಿದರು. ಅಲ್ಲೇ ಹತ್ತಿರದ ಸ್ಪ್ರಿಂಗ್‌ಫೀಲ್ಡಿನಲ್ಲಿ, 1891ರಲ್ಲಿ, ಬಾಸ್ಕೆಟ್‌ಬಾಲ್ ಹುಟ್ಟಿತ್ತು. ಅದೇ ಸ್ಪ್ರಿಂಗ್‌ಫೀಲ್ಡಿನ ಕಾಲೇಜಿನಲ್ಲಿ ಓದಿದ ಹ್ಯಾರಿ ಬಕ್ ಎಂಬ ಮೇಷ್ಟ್ರು ಮದ್ರಾಸಿಗೆ ಬಂದು 1920ರಲ್ಲಿ ದೈಹಿಕ ಶಿಕ್ಷಣದ ಕಾಲೇಜು ತೆರೆದರು. ನಮ್ಮ ದೇಶದಲ್ಲಿ ಡ್ರಿಲ್ ಮಾಸ್ಟರುಗಳನ್ನು ತಯಾರು ಮಾಡಿದ ಮೊದಲ ಕಾಲೇಜು ಅದು.

ಬಳ್ಳಾರಿ, ಅನಂತಪುರ ಎರಡೂ ಆಗ ಮದ್ರಾಸು ಪ್ರಾಂತದವೇ. ಹೀಗೆ ತರಬೇತಾದ ಮಾಸ್ಟರುಗಳು ಹೈಸ್ಕೂಲುಗಳಿಗೆ ಬಂದರು. ಅವರಿಂದ ಕಲಿತವರು ತಮ್ಮೂರಿಗೆ ಹೋಗಿ ಕಂಬ ನೆಟ್ಟರು. ನಾನು ಹುಡುಗನಾಗಿದ್ದಾಗ ನಮಗೆ ಡ್ರಿಲ್ ಹೇಳಿಕೊಟ್ಟವರು ಸೀಟಿಯನ್ನು ಜನಿವಾರದ ಹಾಗೆ ಯಾವಾಗಲೂ ಮೈಮೇಲೆ ಹಾಕಿಕೊಂಡಿರುತ್ತಿದ್ದರು. ಶಾಲೆಗೆ ಇದ್ದದ್ದು ಒಂದೇ ಚೆಂಡು. ಅದಕ್ಕೆ ತೇಪೆ ಹಾಕಿ ಹಾಕಿ ನಾಲ್ಕು ವರ್ಷ ಆಡಿಸಿದರು. ಬಳ್ಳಾರಿಯ ದಂಡಿನಿಂದ ನಮ್ಮ ತಾತ ತಂದದ್ದು ಒಂದು ನೆನಪು ಮಾತ್ರ. ಡ್ರಿಲ್ ಮಾಸ್ಟರು ನಮಗೆ ಆಟವನ್ನೇ ಕೊಟ್ಟರು.

ದಂಡು ಏನನ್ನೂ ಬಿಟ್ಟುಹೋಗಲಿಲ್ಲ ಅಂತ ನಾನು ಹೇಳುವುದಿಲ್ಲ. ಬಳ್ಳಾರಿಯ ಹಳೆಯ ದರ್ಜಿಗಳು ಹೇಳುವ ಮಾತೊಂದಿದೆ: ಮೊದಲನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಬಟ್ಟೆ ಹೊಲಿಯಲು ಬಂದ ಕೈಗಳೇ ಮುಂದೆ ಬಳ್ಳಾರಿಯ ಜೀನ್ಸ್ ಹೊಲಿಗೆಗೆ ಬುನಾದಿಯಾದವು ಅಂತ. ಈಗ ನಮ್ಮ ರಾಯದುರ್ಗದಲ್ಲೂ ಸಾವಿರಾರು ಮನೆ ಆ ಹೊಲಿಗೆ ಯಂತ್ರದಿಂದ ಅನ್ನ ಉಣ್ಣುತ್ತಿವೆ. ಸೂಜಿ ಉಳಿಯಿತು, ಯಾಕೆಂದರೆ ಅಪ್ಪ ಮಗನಿಗೆ ಕಲಿಸಿದ, ಮಗ ಪಕ್ಕದ ಮನೆಯವನಿಗೆ ಕಲಿಸಿದ. ಚೆಂಡಿಗೂ ಇದೇ ನಿಯಮ.

ನಮ್ಮ ಜಿಲ್ಲೆಯ ಈಚಿನ ಕಥೆಯೂ ಇದನ್ನೇ ಹೇಳುತ್ತದೆ. 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಅವರು ಕಟ್ಟಿದ ಗ್ರಾಮೀಣ ಅಭಿವೃದ್ಧಿ ಸಂಸ್ಥೆ, ಅದೇ ನಾವೆಲ್ಲ ಆರ್.ಡಿ.ಟಿ. ಅನ್ನುವುದು, ಮಕ್ಕಳಿಗೆ ಮೈದಾನ ಮಾಡಿಕೊಟ್ಟು ಕಲಿಸುವವರನ್ನು ಇಟ್ಟಿತು. ಸ್ಪೇನಿನ ಟೆನ್ನಿಸ್ ಆಟಗಾರ ರಫೆಲ್ ನಡಾಲ್ ಅವರ ಪ್ರತಿಷ್ಠಾನದ ನೆರವಿನಿಂದ 2010ರಲ್ಲಿ ಅಲ್ಲಿ ಟೆನ್ನಿಸ್ ಶಾಲೆ ಶುರುವಾಯಿತು. ಮಳೆ ಕಾಣದ ಈ ಸೀಮೆಯ ಬಡಮಕ್ಕಳ ಕೈಗೆ ಟೆನ್ನಿಸ್ ರಾಕೆಟ್ಟು! 2024ರಲ್ಲಿ ಅದೇ ಸಂಸ್ಥೆಯ ಮೈದಾನದಲ್ಲಿ ದುಲೀಪ್ ಟ್ರೋಫಿ ಕ್ರಿಕೆಟ್ ನಡೆಯಿತು. ಇದ್ಯಾವುದಕ್ಕೂ ತೋಪು ಬಂದೂಕು ಬೇಕಾಗಲಿಲ್ಲ.

ಹುಡುಗಿಗೆ ಕೊಟ್ಟ ಉತ್ತರ

ಇಷ್ಟು ಓದಿಕೊಂಡು ಒಂದು ಭಾನುವಾರ ಆ ಹುಡುಗಿಯನ್ನು ಕರೆದು ಹೇಳಿದೆ. "ಅಮ್ಮಾ, ಆಟ ಹುಟ್ಟಿದ್ದು ಅಮೆರಿಕದಲ್ಲಿ. ಸಿಪಾಯಿಗಳು ಊರೂರಿಗೆ ಹೊತ್ಕಂಡು ಹೋದ್ರು. ನಮ್ಮ ಹತ್ರಕ್ಕೂ ಒಂದ್ಸಲ ಬಂದಿತ್ತು, ಬೇಲಿ ಒಳಗೇ ಇದ್ದು ವಾಪಸ್ ಹೋಯ್ತು. ಎಂಬತ್ತು ವರ್ಷ ಆದ್ಮೇಲೆ ನಿನ್ನ ಕೈಗೆ ಬಂತು. ಬೇಲಿ ದಾಟಿಸಿದ್ದು ನಿಮ್ಮ ಪೀಟಿ ಸಾರ್."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪೀಟಿ ಸಾರ್‌ಗೆ ಟ್ರಾನ್ಸ್‌ಫರ್ ಆಯ್ತು ಸಾರ್" ಅಂದಳು. "ಇನ್ನೂ ಯಾರೂ ಬಂದಿಲ್ಲ. ಬ್ಯಾಟು ಚೆಂಡು ಎಲ್ಲ ರೂಮಿನಾಗೆ ಇಟ್ಟು ಬೀಗ ಹಾಕವ್ರೆ."

ನಾನು ಬರೆಯಬೇಕು ಅಂದುಕೊಂಡದ್ದು ಬ್ರಿಟಿಷರು, ಅಮೆರಿಕದವರು, ಜಪಾನಿನವರ ಚರಿತ್ರೆ. ಆ ಒಂದು ಮಾತಿನಿಂದ ಇದು ನಮ್ಮೂರಿನ ವಿಷಯವಾಯಿತು. ಬೆಂಗಳೂರಿನ ಕಾರ್ಖಾನೆಯ ಬೇಲಿಗೂ ಈ ಬೀಗಕ್ಕೂ ಏನು ವ್ಯತ್ಯಾಸ? ಕಲಿಸುವವರು ಹೋದರೆ ಆಟವೂ ಅವರ ಹಿಂದೆಯೇ ಹೋಗುತ್ತದೆ. ಆಗ ಹೋದದ್ದಕ್ಕೆ ಪರದೇಶದ ಸೈನ್ಯ ಕಾರಣ. ಈಗ ಹೋದರೆ ಯಾರನ್ನು ದೂರೋಣ?

ವಾಚನಾಲಯದಲ್ಲಿ ಆ ವಾರ ಮಾತಾಡಿದೆವು. ಹೊಸ ಮಾಸ್ಟರನ್ನು ಕಳಿಸಿ ಅಂತ ಮೇಲಿನವರಿಗೆ ಅರ್ಜಿ ಬರೆದು ಎಲ್ಲರೂ ಸಹಿ ಹಾಕಿದೆವು. ಅರ್ಜಿಯ ದಾರಿ ಎಷ್ಟು ಉದ್ದ ಅನ್ನುವುದು ಈ ಗಡಿಯ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1953ರಿಂದಲೂ ಬರೆಯುತ್ತಲೇ ಇದ್ದೇವೆ. ಅದಕ್ಕೇ ಇನ್ನೊಂದು ಕೆಲಸವನ್ನೂ ಮಾಡಿದೆವು. ಊರ ಹೊರಗಿನ ಮೈದಾನದಲ್ಲಿ ಬೆಳೆದಿದ್ದ ಸೀಮೆಜಾಲಿಯನ್ನು ಎರಡು ಭಾನುವಾರ ಕೂತು ಕಡಿದೆವು. ಹೆಡ್ಮಾಸ್ಟರನ್ನು ಕೇಳಿ ಬೀಗ ತೆಗೆಸಿ ಬ್ಯಾಟು ಚೆಂಡು ತಂದೆವು. ಈಗ ಸಾಯಂಕಾಲ ಆ ಹುಡುಗಿಯೇ ಆರು ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಡುತ್ತಾಳೆ. ಇರುವುದು ಮೂರೇ ಗವುಸು. ಸರದಿ ಪ್ರಕಾರ ಹಾಕಿಕೊಳ್ಳುತ್ತಾರೆ, ಸಿಗದವರು ಟವೆಲ್ ಸುತ್ತಿಕೊಳ್ಳುತ್ತಾರೆ.

ಮೊನ್ನೆ ನಾನು ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕೂತಿದ್ದೆ. ಚೆಂಡು ಉರುಳಿಕೊಂಡು ನನ್ನ ಕಾಲಬಳಿ ಬಂತು. ಎತ್ತಿ ಕೊಡೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಆ ಹುಡುಗಿ ಕೂಗಿದಳು: "ಕೊಡಬ್ಯಾಡಿ ಸಾರ್, ಎಸೀರಿ!"

ಎಸೆದೆ. ಎಪ್ಪತ್ತು ವರ್ಷದ ತೋಳು, ಚೆಂಡು ಅರ್ಧ ದಾರಿಗೇ ಬಿತ್ತು. ಮಕ್ಕಳು ನಕ್ಕರು. ಒಬ್ಬ ಹುಡುಗ ಓಡಿಬಂದು ಅದನ್ನು ಮತ್ತೆ ನನ್ನ ಕೈಗೇ ಕೊಟ್ಟು, "ಇನ್ನೊಂದ್ಸಲ ಎಸೀರಿ ಸಾರ್" ಅಂದ.